ಹಸಿ ಜಾಲಿಯ ಬೆಣೆ

ಯಲಿಯೂರಿನ ಆಲೆಮನೆಯಲ್ಲಿ ಗಾಣದ ತೊಲೆ ಕಳಚಿ ಬಿದ್ದು ಬೋರೇಗೌಡರ ಎತ್ತಿನ ಕಾಲು ಮುರಿದದ್ದು ನನ್ನಿಂದ. ನನ್ನ ಅಪ್ಪ ಸಿದ್ದಯ್ಯನಿಂದಲ್ಲ. ಇಷ್ಟು ಹೇಳುವುದಕ್ಕೆ ಒಂದು ಆಯುಸ್ಸೇ ಬೇಕಾಯಿತು. ಓದುಬರಹ ಕಲಿತದ್ದು ಮಕ್ಕಳಾದ ಮೇಲೆ, ಅದಕ್ಕೇ ತಡವಾಯಿತು ಎಂದು ಬರೆಯಬಹುದಿತ್ತು — ಆದರೆ ಹೇಳಲು ಬಾಯಿ ಇತ್ತಲ್ಲ. ಸಿದ್ದಯ್ಯನ ಕೈ ಸೋತಿತ್ತು, ಕೆಲಸ ಒಪ್ಪಿಕೊಳ್ಳಬಾರದಿತ್ತು ಎಂದು ಆ ಕಡೆಯ ಹಳಬರು ಈಗಲೂ ಹೇಳುವುದುಂಟು. ಹೇಳಲಿ ಎಂದು ನಾನೇ ಬಿಟ್ಟಿದ್ದೆ.

ಅಪ್ಪ ಕಮ್ಮಾರನಲ್ಲ, ಬಡಗಿಯೂ ಅಲ್ಲ. ಮದ್ದೂರಿನಲ್ಲಿ ನಮಗೆ ಒಂದು ತುಂಡು ಗದ್ದೆ ಇತ್ತು, ಅಷ್ಟೆ. ಆದರೆ ಏನು ಕೆಟ್ಟರೂ ಜನ ಅವನನ್ನೇ ಕರೆಯುತ್ತಿದ್ದರು. ಯುದ್ಧದ ಕಾಲ. ಕಬ್ಬಿಣ ಸಿಗದು, ಸೀಮೆಎಣ್ಣೆ ಸಿಗದು, ಸೈಕಲ್ ಟ್ಯೂಬನ್ನಂತೂ ಕೇಳುವ ಹಾಗೇ ಇರಲಿಲ್ಲ. ಅಪ್ಪ ಬತ್ತದ ಹುಲ್ಲನ್ನು ಹಗ್ಗದಂತೆ ಹೊಸೆದು ಟೈರಿನೊಳಕ್ಕೆ ತುಂಬಿ ಟಪಾಲಿನವನನ್ನು ಊರೂರಿಗೆ ಕಳುಹಿಸಿದ. ಮುರಿದ ಕೊಡೆಯ ಕಡ್ಡಿ ಸಿಕ್ಕರೆ ಲಾಟೀನಿಗೆ ಹಿಡಿಯಾಗುತ್ತಿತ್ತು, ಪೆಟ್ಟಿಗೆಗೆ ಕೀಲಾಗುತ್ತಿತ್ತು. ಕೈಪಂಪಿನ ವಾಷರು ಸವೆದರೆ ಹಳೇ ಎಕ್ಕಡದ ಚರ್ಮವನ್ನು ಹರಳೆಣ್ಣೆಯಲ್ಲಿ ನೆನೆಸಿ, ಕತ್ತರಿಸಿ ಹಾಕುತ್ತಿದ್ದ. ನೀರು ಬಂದಾಗ ಪಂಪಿಗೇ ಕೈಮುಗಿಯುತ್ತಿದ್ದ, ತಾನೇನೂ ಮಾಡಿಲ್ಲ ಎನ್ನುವ ಹಾಗೆ.

ಅವನ ದೊಡ್ಡ ವಿದ್ಯೆ ಅಂದರೆ ಬೆಣೆ. ಜಾಲಿ ಮರದ ಬೆಣೆಗಳನ್ನು ಕೆತ್ತಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಲು ಇಡುತ್ತಿದ್ದ. ಒಣಗಿದ ಬೆಣೆ ಹೊಡೆದರೆ ಹೊಡೆದ ಕಡೆ ಕಚ್ಚಿಕೊಂಡಿರುತ್ತದೆ. ಹಸಿ ಬೆಣೆ ಹೊಡೆದ ದಿನ ಬಿಗಿ, ಆಮೇಲೆ ಒಣಗಿ ಸಣ್ಣಗಾಗಿ ಉದುರಿಹೋಗುತ್ತದೆ. ಅದಕ್ಕೇ ಹೊಡೆಯುವ ಮೊದಲು ಪ್ರತಿ ಬೆಣೆಯನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದ. ಹಸಿಯಿದ್ದರೆ ತಣ್ಣಗೆ ತಾಕುತ್ತದೆ ಅಂತ.

ಅಪ್ಪನಿಗೆ ವಯಸ್ಸಾಯಿತು ಎಂದು ನನಗೆ ತಿಳಿದದ್ದು ಆ ಕೆನ್ನೆಯಿಂದಲೇ. ಒಂದು ದಿನ ಬೆಣೆಯನ್ನು ಕೆನ್ನೆಗೆ ಒತ್ತಿಕೊಂಡವನು ಇಳಿಸದೆ ತುಂಬ ಹೊತ್ತು ನಿಂತ. ಇನ್ನೊಂದು ಕೆನ್ನೆಗೂ ಒತ್ತಿ ನೋಡಿದ. ಆಮೇಲೆ ನನ್ನತ್ತ ಚಾಚಿದ: "ಒಣ್ಗದಾ ನೋಡ್ಲಾ, ಮಾದೇವ." ಅಂದಿನಿಂದ ತನ್ನ ಕೆನ್ನೆಯ ಜಾಗದಲ್ಲಿ ನನ್ನ ಮಾತನ್ನು ಇಟ್ಟುಕೊಂಡ.

ಆ ಮಾತನ್ನು ನಾನು —

ಬೋರೇಗೌಡರ ಗಾಣದಲ್ಲಿ ಎತ್ತುಗಳು ಎಳೆಯುವ ತೊಲೆ ಅಲುಗಾಡುತ್ತಿತ್ತು. ನಾವು ಹೋದಾಗ ಗೌಡರು ಕಬ್ಬಿನ ರಾಶಿಯ ಮೇಲೆ ಕೂತಿದ್ದರು. "ಏನ್ ಸಿದ್ದಣ್ಣ, ಇದ್ನೂ ಕೊಡೆ ಕಡ್ಡೀಲೇ ರಿಪೇರಿ ಮಾಡೀಯಾ?"

"ನಿಮ್ ಸೊಂಟಕ್ ಬೇಕಾದ್ರೆ ಕೊಡೆ ಕಡ್ಡಿ ಆಕ್ಕೊಡ್ತೀನಿ ಬುಡಿ ಗೌಡ್ರೆ. ಗಾಣಕ್ಕೆ ಬೆಣೆನೇ ಆಗ್ಬೇಕು," ಎಂದ ಅಪ್ಪ. ಆಳುಗಳೆಲ್ಲ ನಕ್ಕರು.

ಸಂಚಿಗೆ ಬೆಣೆ ತುಂಬುವುದು ನನ್ನ ಕೆಲಸ. ತುಂಬಿರಲಿಲ್ಲ. ಮದ್ದೂರಿಗೆ ಹೋಗಿ ತರಬೇಕಿತ್ತು. ಆದರೆ ಅಂದು ಸಂಜೆ ಮಂಡ್ಯದಲ್ಲಿ ಕಂಪನಿ ನಾಟಕ, ನಾನು ಗೆಳೆಯರಿಗೆ ಬರುತ್ತೇನೆ ಎಂದಿದ್ದೆ. ಕಾಲುವೆ ಏರಿಯ ಮೇಲೆ ಜಾಲಿ ಮರವಿತ್ತು. ಒಂದು ಕೊಂಬೆ ಕಡಿದು, ಬೆಣೆ ಕೆತ್ತಿ, ಅಟ್ಟದ ಬೆಣೆಯ ಬಣ್ಣ ಬರಲಿ ಎಂದು ಒಲೆಯ ಮಸಿ ಬಳಿದೆ. ಮಸಿ ಬಳಿಯುವಷ್ಟು ಬುದ್ಧಿ ಇತ್ತು ನನಗೆ.

"ಒಣ್ಗದಾ?" ಎಂದು ಕೇಳಿದ ಅಪ್ಪ.

"ಊ ಕಣಪ್ಪ. ಒಣ್ಗದೆ."

ಅವನು ನನ್ನ ಮುಖವನ್ನೂ ನೋಡಲಿಲ್ಲ. ಹೊಡೆದ. ಎಷ್ಟು ಚೆನ್ನಾಗಿ ಹೊಡೆದ ಎಂದರೆ, ಆ ವಯಸ್ಸಿನಲ್ಲೂ ಒಂದು ಏಟು ಓರೆಯಾಗಲಿಲ್ಲ. ನಾನು ನಾಟಕ ನೋಡಿದೆ.

ವಾರ ತುಂಬುವುದರೊಳಗೆ, ಪಾಕ ತಿರುವುವ ಹುಟ್ಟಿನ ಹಿಡಿ ಕಿತ್ತುಬಂದಿದೆ ಎಂದು ಮತ್ತೆ ಕರೆದರು. ಅಪ್ಪ ಒಲೆಯ ಬಾಯಿಯ ಪಕ್ಕ ಕೂತು ಹಿಡಿ ಕೂರಿಸುತ್ತಿದ್ದ. ನಾನು ಗಾಣದ ಹತ್ತಿರ ನಿಂತಿದ್ದೆ. ತೊಲೆ ಕಳಚಿತು. ಎತ್ತು ಬಿದ್ದ ಸದ್ದಿಗೆ ಎಲ್ಲರೂ ಅದರತ್ತ ಓಡಿದರು. ನನ್ನ ಕಣ್ಣಿಗೆ ಬಿದ್ದದ್ದು ಬೆಣೆ — ಕಾಲ ಬಳಿಯೇ ಬಿದ್ದಿತ್ತು, ಬಳಿದ ಮಸಿ ಅಳಿಸಿ ಎಳೆಯ ತೊಗಟೆ ಕಾಣುತ್ತಿತ್ತು. ಎತ್ತಿಕೊಂಡು ಒಲೆಗೆ ಎಸೆದೆ.

ಒಣಗಿದ ಕಟ್ಟಿಗೆ ಬೆಂಕಿಯಲ್ಲಿ ಚಟಪಟ ಎನ್ನುತ್ತದೆ. ಅದು ಸುಂಯ್ ಎಂದು ನೊರೆ ಕಾರಿತು. ಅಪ್ಪನ ಕಣ್ಣು ಮಂಜಾಗಿತ್ತು, ಕಿವಿ ಚೆನ್ನಾಗಿತ್ತು. ಒಂದು ಗಳಿಗೆ ಒಲೆಯ ಕಡೆ ತಿರುಗಿದ. ಆಮೇಲೆ ಮಂಡಿ ಹಿಡಿದುಕೊಂಡು ಎದ್ದ.

ಗೌಡರು ಬೈಯಲಿಲ್ಲ. ಎತ್ತಿನ ಕೊರಳು ಸವರುತ್ತಲೇ ಹೇಳಿದರು, "ಕಣ್ ಕಾಣ್ದೋನು ಒಪ್ಕಬಾರ್ದಿತ್ತು ಕಣ್ ಸಿದ್ದಣ್ಣ. ಮನೇಲ್ ಕುಂತ್ಕೊ ಓಗು."

"ನನ್ ಕೈ ಸೋತದೆ ಗೌಡ್ರೆ," ಎಂದ ಅಪ್ಪ. "ಇನ್ ಮುಟ್ಟಾಕಿಲ್ಲ."

ನಾನು ಅಲ್ಲೇ ಇದ್ದೆ.

ಅಪ್ಪನಿಗೆ ತಿಳಿದಿತ್ತೆ? ತಿಳಿದೇ ನನ್ನನ್ನು ಉಳಿಸಿದ ಎಂದುಕೊಂಡರೆ ನನಗೆ ಹಗುರ. ಅದಕ್ಕೇ ಹಾಗೆ ಅಂದುಕೊಳ್ಳಲು ಭಯವಾಗುತ್ತದೆ. ನಿಜವಾಗಿಯೂ ತನ್ನ ಕೈಯೇ ಸೋತಿತೆಂದು ನಂಬಿ ಮನೆಗೆ ನಡೆದಿದ್ದರೆ — ಆ ದಾರಿಯಲ್ಲಿ ಅವನ ಪಕ್ಕದಲ್ಲೇ ನಡೆದವನು ನಾನು.

ಆಮೇಲೆ ಜನ ನನ್ನನ್ನು ಕರೆಯತೊಡಗಿದರು. "ಅಪ್ಪನ್ ಬುಟ್ಬುಡು, ನೀನೇ ಬಾರ್ಲಾ" ಎಂದರು. ಹೋದೆ. ಅಪ್ಪನ ಸಂಚಿಯನ್ನೇ ಹೆಗಲಿಗೆ ಹಾಕಿಕೊಂಡು ಹೋದೆ. ನನ್ನ ಸಂಸಾರ ನಡೆದದ್ದು ಅದರಿಂದ. ಪಕ್ಕದ ಮನೆಯವಳು ಲಾಟೀನು ತಂದರೂ ಅಪ್ಪ ಮುಟ್ಟುತ್ತಿರಲಿಲ್ಲ: "ಅವ ಬರ್ಲಿ ತಡಿ ಕಣಮ್ಮ." ಆದರೂ ಅಟ್ಟದ ಬೆಣೆ ತಿರುವಿಹಾಕುವುದನ್ನು ಮಾತ್ರ ಬಿಡಲಿಲ್ಲ.

ಸ್ವಾತಂತ್ರ್ಯ ಬಂದ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಬಾವುಟದ ಕಂಬ ನೆಟ್ಟರು. ಗುಳಿ ದೊಡ್ಡದಾಗಿ ಕಂಬ ವಾಲಾಡುತ್ತಿತ್ತು. ಜಗಲಿಯಿಂದ ನೋಡುತ್ತಿದ್ದ ಅಪ್ಪ ಒಳಗೆ ಹೋಗಿ, ಗೋಡೆ ಹಿಡಿದುಕೊಂಡು ಬಂದ, ಕೈಯಲ್ಲಿ ಬೆಣೆಗಳು. ಒಂದನ್ನು ಎಲ್ಲರೆದುರು ನನ್ನತ್ತ ಚಾಚಿದ.

"ಒಣ್ಗದಾ ನೋಡ್ಲಾ."

ಕೆನ್ನೆಗೆ ಒತ್ತಿದೆ. ಬೆಚ್ಚಗಿತ್ತು. ಆಗ ಹೇಳಬೇಕಿತ್ತು, ಆಗಲಾದರೂ. "ಊ ಕಣಪ್ಪ, ಒಣ್ಗದೆ" ಎಂದೆ, ಅಷ್ಟೆ. ಅದೇ ಮಾತು. ಈ ಸಲ ನಿಜ. ಕೊಡತಿಯನ್ನು ಅವನ ಕೈಗೇ ಕೊಟ್ಟೆ. ಅವನು ಹಿಂತಿರುಗಿಸಿದ: "ನೀನೇ ಒಡಿ." ಹೊಡೆದೆ, ಕಂಬ ನಿಂತಿತು, ಎಲ್ಲರೂ ಬಾವುಟ ನೋಡಿದರು. ಅಪ್ಪ ಕಂಬದ ಬುಡ ನೋಡುತ್ತಿದ್ದ. ಮುಂದಿನ ಸುಗ್ಗಿಯ ಹೊತ್ತಿಗೆ ಅವನಿರಲಿಲ್ಲ.

ಬೋರೇಗೌಡರೂ ಈಗಿಲ್ಲ. ಅವರ ಮಗ ಯಲಿಯೂರಿನಲ್ಲೇ ಇದ್ದಾನೆ. ಈ ವಾರ ಹೋಗುತ್ತೇನೆ. ಈ ಹಾಳೆಯನ್ನು ಕೊಟ್ಟು ಬರುವುದಿಲ್ಲ, ಅವನ ಜಗಲಿಯಲ್ಲಿ ನಾಲ್ಕು ಜನ ಇರುವಾಗ ಬಾಯಿಂದಲೇ ಹೇಳುತ್ತೇನೆ. ಸುಳ್ಳು ಹೇಳಿದ್ದೂ ಬಾಯಿಂದಲೇ. ಅಪ್ಪ ಕೇಳಿದ್ದು ಬಹಳ ಸಣ್ಣ ಮಾತು. ಅದಕ್ಕೆ ಉತ್ತರವೂ ಸಣ್ಣದೇ ಇತ್ತು.

ಒಣ್ಗಿಲ್ಲ ಕಣಪ್ಪ. ಹಸಿ.