ಮೂರು ದಿನ ಬಿಡಿಸಿದ ಗುಳಿಗೆ

ಕೂತವರೇ, ನಿಂತವರೇ, ಹಿಂದಿನ ಸಾಲಿನ ಗದ್ದಲದ ಗೆಳೆಯರೇ...
ಇವತ್ತು ಈ ಫೇಸ್‌ಬುಕ್ಕಿನ ಗೋಡೆಯೇ ನನ್ನ ರಂಗ. ಸ್ವಲ್ಪ ಸುಮ್ಮನಾಗಿ.

ತೇರಗಾಂವದ ಪುಂಡಲೀಕ ಹೋದನಂತೆ...
ನಂಬುವುದು ಹೇಗೆ?
ನಮ್ಮ ನಾಟಕ ಸಂಘದ ಖಾಯಂ ರಾಜ ಅವನು.
ಎಷ್ಟೋ ಸಲ ನನ್ನ ಕತ್ತಿಗೆ ಬಿದ್ದು ಸತ್ತು, ಪರದೆ ಇಳಿದ ಕೂಡಲೇ ಎದ್ದು "ಚಹಾ ಎಲ್ಲೈತಿ?" ಅಂದವನು.
ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದವನು...
ಏಳಲಿಲ್ಲ.

ಅವನಿಗೆ ಫಿಟ್ಸ್ ಇದ್ದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿಲ್ಲ.
ಧಾರವಾಡದ ಡಾಕ್ಟರ ಹತ್ತಿರ ಕರೆದೊಯ್ದವನು ನಾನೇ.
"ಮಿದುಳಿನ್ಯಾಗ ಇಂಟರ್‌ನ್ಯೂರಾನ್ ಅಂತ ಸಣ್ಣ ನರಕೋಶ ಇರ್ತಾವ್ರಿ," ಅಂದರು ಡಾಕ್ಟರು. "ಉಳಿದ ಕೋಶಗಳನ್ನ ತಡದು ಹಿಡಿಯೂದು ಅವುಗಳ ಕೆಲಸ. ಅವು ಕೈಬಿಟ್ಟರ ಎಲ್ಲಾ ಒಮ್ಮೆಲೇ ಒದರಾಕ ಹತ್ತಾವ. ಅದ ಫಿಟ್ಸ್."
ಪುಂಡಲೀಕ ನಕ್ಕ. "ಅಂದ್ರ ನನ್ನ ತಲ್ಯಾಗ ಪರದೆ ಎಳಿಯಾಂವ ನಿದ್ದಿ ಹೊಡ್ಯಾಕತ್ಯಾನ್ರಿ."
ಡಾಕ್ಟರು ನಗಲಿಲ್ಲ.
"ಗುಳಿಗಿ ಒಂದ ದಿನಾನೂ ತಪ್ಪಸಬ್ಯಾಡ."

ಪುಂಡಲೀಕಾ... ಕೇಳಿಸುತ್ತಿದೆಯೇನೋ?
ಹಳಿಯಾಳದ ಪ್ರಯೋಗಕ್ಕೆ ತಾಲೀಮು ನಡೆದಿತ್ತು, ಕಲಿಸುವ ಮಾಸ್ತರ ನಾನೇ. ನಿನ್ನ ಡೈಲಾಗ್ ಎಳೆಯುತ್ತಿತ್ತು.
"ಆ ಗುಳಿಗಿ ನಿನ್ನ ನಾಲಿಗಿ ಕಟ್ಟೈತಿ, ಮೂರು ದಿನ ಬಿಟ್ಟಬಿಡೋ," ಅಂದೆ.
"ಮಾಸ್ತರ ಅಪ್ಪಣೆ ಆತು," ಎಂದು ನೀನು ಕೈಮುಗಿದು ನಕ್ಕೆ.
ಎರಡು ದಿನ ನಿನ್ನ ಮಾತು ಸಿಡಿಲಿನಂತಿತ್ತು. ನಾನು ಚಪ್ಪಾಳೆ ಹೊಡೆದೆ...
ಇವತ್ತು ಮೂರನೆಯ ದಿನ.

ಗೆಳೆಯರೇ, ನನ್ನ ಹೆದರಿಕೆ ಇಲ್ಲಿಗೇ ಮುಗಿಯುವುದಿಲ್ಲ.
ಅವನ ಮಗಳು ಸುಜಾತಾಳಿಗೂ ಅದೇ ಕಾಯಿಲೆ. ಹತ್ತು ವರ್ಷದ ಹುಡುಗಿ. ದಿನಾ ಬೆಳಿಗ್ಗೆ ಒಂದು ಗುಳಿಗೆ.
ಮಧ್ಯಾಹ್ನ ಫೋನ್ ಮಾಡಿದೆ. ಪುಂಡಲೀಕನ ತಾಯಿ ಎತ್ತಿದಳು.
"ಗುಳಿಗಿ ನುಂಗಿ ನುಂಗೇ ನನ್ನ ಮಗಾ ಹೋದಾ. ಮೊಮ್ಮಗಳ ಗುಳಿಗೀನೂ ಒಲಿಗೆ ಹಾಕೇನಿ. ಇವತ್ತ ಮುಂಜಾನಿ ನುಂಗಿದ್ದ ಕಡೀದು, ಇನ್ನ ಒಂದೂ ಕೊಡಂಗಿಲ್ಲ."
ಮೈಕಿಲ್ಲದೆ ಮೈದಾನ ತುಂಬಿಸುವ ಈ ಗಂಟಲು...
ಒಂದು ಶಬ್ದ ಹೊರಡಿಸಲಿಲ್ಲ.
ಫೋನ್ ಇಟ್ಟೆ.
ಇವತ್ತಿನ ಗುಳಿಗೆ ಅವಳ ಹೊಟ್ಟೆಯಲ್ಲಿದೆ... ನಾಳಿನದು?

ಪುಂಡಲೀಕಾ, ನಿನ್ನ ಜೀವಕ್ಕೆ ನೆಮ್ಮದಿಯ ನೆಲೆ ಸಿಗಲಿ.
ಸುಜಾತಾಳ ಗುಳಿಗೆ ಈಗಾಗಲೇ ಕೊಂಡು ಜೇಬಿನಲ್ಲಿಟ್ಟುಕೊಂಡಿದ್ದೇನೆ.
ನಾಳೆ ಬೆಳಿಗ್ಗೆ ದಾಂಡೇಲಿಯಿಂದ ತೇರಗಾಂವಕ್ಕೆ ಮೊದಲ ಬಸ್ಸು ಹತ್ತುತ್ತೇನೆ. ನಿನ್ನ ತಾಯಿಯ ಎದುರು ನಿಂತು, ಊರೆಲ್ಲ ಕೇಳುವಂತೆ, ಗುಳಿಗೆ ಬಿಡಿಸಿದವನು ನಾನು ಎನ್ನುತ್ತೇನೆ. ಹೊಡೆದರೆ ಹೊಡೆಯಲಿ... ಆ ಹುಡುಗಿ ಅದನ್ನು ನುಂಗುವ ತನಕ ಅಂಗಳ ಬಿಡುವುದಿಲ್ಲ.