ಮೋರಿಗೆ ಸುರಿದ ಸಾರು

ಸಾರಿನ ಪುಡಿಯ ಜಾಹೀರಾತು ತೆಗೆಯಲು ನಮ್ಮ ತಂಡ ಕಳ್ಳಂಬೆಳ್ಳದ ಹತ್ತಿರದ ಹಳ್ಳಿಗೆ ಹೋಗಿತ್ತು. ಧ್ವನಿ ಹಿಡಿಯುವವನು ನಾನು. ಚಿತ್ರೀಕರಣಕ್ಕೆ ಗೊತ್ತುಮಾಡಿದ್ದ ಮನೆಯ ಒಡತಿ ಈರಮ್ಮ ಬೆಳಿಗ್ಗೆಯೇ ಸೊಗಡಿನ ಅವರೆಕಾಯಿ ಸುಲಿದು ಸಾರು ಮಾಡಿಟ್ಟಿದ್ದರು. ಬಣ್ಣ ಸಾಲದೆಂದು ನಿರ್ದೇಶಕ ಅದನ್ನು ಮೋರಿಗೆ ಸುರಿಸಿ, ಅದೇ ಪಾತ್ರೆಯಲ್ಲಿ ಪುಡಿಯ ಸಾರು ಕುದಿಸಿದ.

ಕ್ಯಾಮೆರಾ ಮುಂದೆ ಈರಮ್ಮ, ನಾವು ನಕ್ಕೇವೆಂದು ತಮ್ಮ ಹಳ್ಳಿ ಮಾತು ತಿದ್ದಿಕೊಂಡು, "ಸಾರು ಬಹಳ ಚೆನ್ನಾಗಿದೆ" ಎಂದರು.

"ಮಾತಲ್ಲಿ ಹಳ್ಳಿ ಸೊಗಡೇ ಇಲ್ಲ. ಬೆಂಗಳೂರಲ್ಲಿ ಯಾರಾದ್ರೂ ನಟಿ ಕೈಲಿ ಹೇಳಿಸೋಣ" ಎಂದು ನಿರ್ದೇಶಕ ಅವರೆದುರಿಗೇ ನನಗೆ ಹೇಳಿದ.

ಮುದ್ದೆ ಮುಂದೆ ಕೂತಾಗ ಅವನಿಗೆ ಪುಡಿಯ ಸಾರು ಗಂಟಲಲ್ಲಿ ಇಳಿಯಲಿಲ್ಲ. "ಅಮ್ಮಾ, ನಿಮ್ಮ ಸಾರು ಉಳಿದಿದೆಯಾ?"

"ಮೋರಿಗೆ ಸುರಿಸ್ಬುಟ್ಟು ಈಗ ಕೇಳ್ತೀಯಲ್ಲಪ್ಪಾ! ಚೆನ್ನಾಗೈತೆ ಅಂತ ನನ್ ಕೈಲಿ ಹೇಳಿಸ್ದೆಯಲ್ಲ, ಇದ್ನೇ ಉಣ್ಣು" ಎಂದು ಇನ್ನೊಂದು ಸೌಟು ಬಡಿಸಿದರು.

ಆ ಮಾತಿಗೆ ಸೊಗಡಿನ ಕೊರತೆಯಿರಲಿಲ್ಲ. ನನ್ನ ಮೈಕು ಮಾತ್ರ ಆಗಲೇ ಪೆಟ್ಟಿಗೆ ಸೇರಿತ್ತು.