ಇಂಗಿಲ್ಲದ ಉಸಲಿ

ಬಸವನಗುಡಿಯಲ್ಲಿ ನಮಗೆ ಬಾಡಿಗೆ ಮನೆ ಸಿಕ್ಕಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಜಾತಿ ಮುಚ್ಚಿಡುವ ಜಾಯಮಾನ ಅಪ್ಪನದಲ್ಲ. ನಾವು ದಲಿತರೆಂದು ಮನೆ ಕೇಳುವಾಗಲೇ ಹೇಳಿದ್ದರು. ಸರ್ಕಾರಿ ಗುಮಾಸ್ತರಾದ ಅವರಿಗೆ ಅಸ್ಪೃಶ್ಯತೆಯ ವಿರುದ್ಧದ ಕಾಯ್ದೆ ಬಾಯಿಪಾಠ. ಆಗಷ್ಟೇ ಅದಕ್ಕೆ ಹೊಸ ಹೆಸರಿಟ್ಟು ಬಿಗಿ ಮಾಡಿದ್ದರು. ನೆಂಟರು ಬಂದರೂ ಅದೇ ಮಾತು, ಊಟಕ್ಕೆ ಕೂತರೂ ಅದೇ ಮಾತು.

"ಹೋಟ್ಲು, ಬಾವಿ, ದೇವಸ್ಥಾನ, ಬಾಡಿಗೆ ಮನೆ, ಎಲ್ಲೂ ನಮ್ಮನ್ನ ತಡೆಯೋ ಹಾಗಿಲ್ಲ. ತಡೆದ್ರೆ ಜೈಲು!"

ಅಮ್ಮನಿಗೆ ಬೇಕಾಗಿದ್ದು ಬೇರೆ. ದಸರೆಯಲ್ಲಿ ಬೀದಿಯ ಹೆಂಗಸರು ಒಬ್ಬರ ಮನೆಗೊಬ್ಬರು ಹೋಗಿ ಗೊಂಬೆ ನೋಡಿ, ಅಲ್ಲಿ ಕೊಡುವ ಚರ್ಪು ತಿಂದು, ಹರಟಿ ಬರುತ್ತಿದ್ದರು. ತವರಲ್ಲಿ ಇಲ್ಲದ ಪದ್ಧತಿಯಾದರೂ ತಾನೂ ಗೊಂಬೆ ಕೂರಿಸುತ್ತೇನೆಂದು ಹಟ ಹಿಡಿದಳು. ಅಪ್ಪನ ಒತ್ತಾಯಕ್ಕೆ ರಾಜರಾಣಿಯರ ಪಕ್ಕದಲ್ಲಿ ಬುದ್ಧನೂ ಕೂತ.

"ರೀ, ನಮ್ಮನೇಲಿ ಚರ್ಪು ತಿನ್ನಲೇಬೇಕು ಅಂತ ನಿಮ್ಮ ಕಾನೂನಲ್ಲಿದ್ಯಾ?" ಎಂದು ಕೇಳಿದಳು.

"ಅದಿಲ್ಲ ಕಣೇ," ಎಂದು ಅಪ್ಪ ಬುದ್ಧನನ್ನು ಸರಿಮಾಡಿ ಕೂರಿಸಿದರು.

ಮೊದಲ ದಿನ ಮೂವರು ಬಂದರು. ಕುಂಕುಮ ತೆಗೆದುಕೊಂಡು, "ಮನೇಲಿ ತಿಂತೀವಿ" ಎಂದು ಚರ್ಪಿನ ಉಸಲಿಯನ್ನು ಪೊಟ್ಟಣದಲ್ಲಿ ಒಯ್ದರು. ಸ್ವಲ್ಪ ಹೊತ್ತಿಗೆ ಬೀದಿಯ ಮೂಲೆಯಲ್ಲಿ ಹಸು ಅದನ್ನೇ ಮೇಯುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ನಾಳೆ ಯಾರಿಗೂ ಏನೂ ಮಾಡಬೇಡ ಎಂದು ರೇಗಿದೆ. ಅಮ್ಮ ಮತ್ತೆ ಕಡಲೆಕಾಳು ನೆನೆಹಾಕಿದಳು.

ಮರುದಿನ ಎದುರುಮನೆಯ ಅಜ್ಜಿ ಬಂದರು. ಇಡೀ ಬೀದಿಗೆ ಬುದ್ಧಿ ಹೇಳುವ ಮಡಿಯ ಅಜ್ಜಿ. ಬುದ್ಧನನ್ನು ನೋಡಿ, "ಇವನೂ ಬಂದಿದಾನಾ?" ಎಂದು ಚಾಪೆಯ ಮೇಲೆ ಕೂತರು. ಅಮ್ಮ ಪೊಟ್ಟಣ ಕಟ್ಟಲು ಹೋದಳು.

"ಪೊಟ್ಟಣ ಯಾಕಮ್ಮಾ? ತಟ್ಟೇಲಿ ಕೊಡು."

ಎರಡು ತುತ್ತು ತಿಂದವರೇ ಮುಖ ಕಿವಿಚಿದರು. "ಉಪ್ಪು ಮುಂದಾಗಿದೆ. ಇಂಗೂ ಹಾಕಿಲ್ಲ. ಇಂಗಿಲ್ದೆ ಉಸಲಿ ಮಾಡ್ತಾರೇನಮ್ಮಾ?" ಬೈಯುತ್ತಲೇ ತಟ್ಟೆ ಖಾಲಿ ಮಾಡಿದರು.

ಅಡುಗೆಗೆ ಹೆಸರಿಟ್ಟರೆ ಅಪ್ಪನನ್ನೂ ಬಿಡದ ಅಮ್ಮ ತಲೆ ತಗ್ಗಿಸಿ "ಹೂಂ" ಎನ್ನುತ್ತಿದ್ದಳು. ಸಂಜೆ ಅಪ್ಪ ಚಪ್ಪಲಿ ಬಿಡುವುದಕ್ಕೂ ಮುಂಚೆ ಬಾಗಿಲಿಗೆ ಓಡಿದಳು.

"ರೀ, ಉಸಲಿ ಚೆನ್ನಾಗಿಲ್ಲ ಅಂತ ಎದುರುಮನೆ ಅಜ್ಜಿ ಬೈದ್ರು ರೀ!"

"ಬೈದಿದ್ದಕ್ಕೆ ಇಷ್ಟು ಖುಷೀನಾ?"

"ತಿನ್ನದೆ ಬೈಯೋಕಾಗತ್ತೇನ್ರೀ?" ಎಂದು ನಗಲು ಹೋದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.